ನಾಲ್ಕನೆಯ ಗಂಟು

ಫಿಲಿಪ್ಪಿಯಿಂದ ಮೂರು ದಿನ ನಡೆದು ಬಂದ ಮೆಲಿತಾ, ಥೆಸಲೋನಿಕದ ಸೆರೆಮನೆಯಲ್ಲಿ ಅರಿಸ್ತೋನನ ಮುಂದೆ ಗಂಟು ಬಿಚ್ಚಿದಳು. ಬಾರ್ಲಿ ರೊಟ್ಟಿ, ಆಲಿವ್, ಒಣಮೀನು. ಈ ಚಳಿಗಾಲದಲ್ಲಿ ಇದು ನಾಲ್ಕನೆಯ ಸಲ. ಹೊರಗಿನಿಂದ ಊಟ ಬಾರದ ಕೈದಿಗೆ ಇಲ್ಲಿ ಹಸಿವೇ ಗತಿ. ಕ್ರಿಸ್ತನ ಹೆಸರು ಹೇಳಿ ಒಳಬಿದ್ದ ಈ ಬೋಧಕನನ್ನು ಫಿಲಿಪ್ಪಿಯ ಪುಟ್ಟ ಸಭೆಯೇ ಸಾಕುತ್ತಿತ್ತು.

ಅರಿಸ್ತೋನ ಒಂದು ತುತ್ತು ಬಾಯಿಗಿಟ್ಟು, ರೊಟ್ಟಿಯ ಅರ್ಧವನ್ನು ಅವಳತ್ತ ಚಾಚಿದ.

"ಬೇಡ ಅಣ್ಣ, ಉಪವಾಸ."

"ಇವತ್ತು ಯಾವ ಉಪವಾಸ?"

"ನಿನ್ನ ಗಂಟಿಂದು," ಎಂದವಳು ನಾಲಿಗೆ ಕಚ್ಚಿಕೊಂಡಳು. ಅವನು ಬಿಡದೆ ಕೇಳಿದಾಗ ಹೇಳಲೇಬೇಕಾಯಿತು. "ಕೊಡೋಕೆ ಏನೂ ಇಲ್ದಿದ್ರೆ ಸಭೆಯವರು ಎರಡು ದಿನ ಒಲೆ ಹಚ್ಚಲ್ಲ. ಮಿಕ್ಕಿದ್ದು ನಿಂಗೆ. ನಂಗೆ ದಾರಿಗೆ ಅಂತ ಕೊಟ್ಟಿದ್ದನ್ನೂ ಇದಕ್ಕೇ ಸೇರಿಸ್ದೆ. ನೀನೇ ಕಲಿಸಿದ್ದು ತಾನೆ?"

"ಮುದುಕಿ ದ್ರೋಸಿಸ್ಸೂ ಊಟ ಬಿಡ್ತಾಳಾ?"

"ಅವಳೇ ಮೊದಲು. ಕೆಮ್ಮು ಜಾಸ್ತಿ, ಬೇಡ ಅಂದ್ರೆ ಬೈತಾಳೆ."

ಅರಿಸ್ತೋನ ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಗಂಟಿನ ಮೇಲಿಟ್ಟ. ಹಿಂದಿನ ಮೂರು ಸಲವೂ ಅವನು ಮನಸಾರೆ ವಂದನೆಯ ಪತ್ರ ಬರೆದಿದ್ದ. ಫಿಲಿಪ್ಪಿಯವರು ಅದನ್ನು ಸಭೆಯಲ್ಲಿ ಓದಿಸಿ, ಹಿಗ್ಗಿ, ಮತ್ತೆ ಗಂಟು ಕಟ್ಟಿದ್ದರು. ಈ ಸಲವೂ ಹಾಗೆಯೇ ಬರೆದರೆ ಮುದುಕಿಯನ್ನು ಕೈಯಾರೆ ಕೊಂದಂತೆ. ಬರೆಯದಿದ್ದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಬೇಗ ಮುಗಿಸಿ ಎಂದು ಬಾಗಿಲಲ್ಲಿ ಕಾವಲುಗಾರ ಗದರಿದ.

ಅರಿಸ್ತೋನ "ಇನ್ನು ಸಾಕು, ಕಳಿಸಬೇಡಿ" ಎಂದು ಗೀಚಿ, ಓದು ಬಾರದ ಮೆಲಿತಾಳಿಗೆ ಓದಿ ಹೇಳಿದ.

"ಇಷ್ಟೇ ಕೇಳಿದ್ರೆ ಅಣ್ಣ ಹಾಸಿಗೆ ಹಿಡಿದಿದಾನೆ ಅಂದ್ಕೊಂಡು ನಾಲ್ಕು ದಿನ ಒಲೆ ಹಚ್ಚಲ್ಲ ಅವರು."

ಅದನ್ನು ಹೊಡೆದುಹಾಕಿದ. ತಲೆ ಕೆರೆದುಕೊಂಡು, ಇದಕ್ಕೆ ಯಾರೂ ಎದುರಾಡಲಾರರು ಎಂಬ ಧೈರ್ಯದಲ್ಲಿ ಹೊಸದಾಗಿ ಬರೆದ: "ನಿಮ್ಮ ಉಪಕಾರ ಮರೆಯಲಾರೆ. ಆದರೆ ನೀವು ಕಳಿಸುವುದು ನನಗೆ ಹೆಚ್ಚಾಗುತ್ತಿದೆ. ಪಕ್ಕದ ಕೋಣೆಯಲ್ಲಿ ಹಿಂದುಮುಂದಿಲ್ಲದ ಕಳ್ಳನೊಬ್ಬನಿದ್ದಾನೆ. ಅವನಿಗೆ ದಿನವೂ ಕೊಟ್ಟು ಮಿಗುವಷ್ಟಿದೆ, ಸುಳ್ಳಲ್ಲ."

ಕೊಟ್ಟದ್ದೇನೋ ಒಂದೇ ದಿನ, ಒಂದೇ ಚೂರು. ಅದನ್ನು ಅವನು ಹೇಳಲಿಲ್ಲ.

ಓದಿ ಹೇಳಿದಾಗ ಈ ಸಲ ಮೆಲಿತಾ ತಕರಾರು ತೆಗೆಯಲಿಲ್ಲ. ಪತ್ರವನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು ಎದ್ದಳು. ಅರಿಸ್ತೋನನಿಗೆ ಹೋದ ಜೀವ ಬಂದಂತಾಯಿತು.

ಬಾಗಿಲ ತನಕ ಹೋದವಳು, ಮುಂದಿನ ಗಂಟಿಗೆ ಬೆರಳೆಣಿಸುತ್ತ ತಿರುಗಿ ನಿಂತಳು.

"ಆ ಕಳ್ಳ ಹೊತ್ತಿಗೆ ಎಷ್ಟು ರೊಟ್ಟಿ ತಿಂತಾನೆ ಅಣ್ಣ?"