ಎಪ್ಪತ್ತೊಂದನೇ ನಂಬರಿನ ಅಂಗಿ

"ಕ್ವಿನ್ಸಿನೇ!" ಎಂದು ರಾಸ್ಕೊ ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಕಚಕಚ ಎನಿಸಿದ. "ಅವನು ಚೆಂಡು ಹಿಡಿದು ಓಡಿದ್ರೆ ನೆರಳೂ ಹಿಂದೆ ಬೀಳತ್ತೆ. ಇವತ್ತು ನಮ್ಮೋರು ಅವನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಆರಿಸಿದ್ರೆ ಈ ಅಂಗಡಿಗೆ ಬೀಗ ಹಾಕ್ತೀನಿ."

"ಹೋದ ವರ್ಷಾನೂ ಹಾಕ್ತೀನಿ ಅಂದಿದ್ದೆ," ಎಂದ ಪೋಸ್ಟ್‌ಮನ್ ವೆಂಡಲ್, ಅರ್ಧ ಕ್ಷೌರವಾದ ತಲೆಯನ್ನು ಎತ್ತಿ. "ಹಿಡಿಯೋನಿದ್ರೆ ಸಾಲದು ಕಣಯ್ಯ, ಎಸೆಯೋನು ಬೇಕು. ಟೆಕ್ಸಸ್ಸಿನ ಕೋಲ್ಟನ್! ಅವನ ಕೈಯಿಂದ ಹೊರಟ ಚೆಂಡು ಟಪಾಲಿದ್ದ ಹಾಗೆ, ವಿಳಾಸ ತಪ್ಪಲ್ಲ."

"ನೀನು ಹಾಕೋ ಟಪಾಲಿನ ಹಾಗಾ? ಹಾಗಾದ್ರೆ ಪಕ್ಕದ ಮನೆಗೇ ಹೋಗತ್ತೆ ಬಿಡು."

ಬಾಗಿಲ ಬಳಿಯ ಮೂರು ಕಾಲಿನ ಸ್ಟೂಲಿನ ಮೇಲೆ ಕೂತಿದ್ದ ಎಲ್ಮೋರ್ ಮೀಸೆಯೊಳಗೇ ನಕ್ಕ. ಏಪ್ರಿಲ್ ತಿಂಗಳ ಆ ಗುರುವಾರದ ಸಂಜೆ, ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ ಬಂದ ಹುಡುಗರನ್ನು ದೊಡ್ಡ ವೃತ್ತಿಪರ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವುದಿತ್ತು. ಊರಿನ ತಂಡದ ಸರದಿ ಒಂಬತ್ತನೆಯದು. ಟೀವಿಯಲ್ಲಿ ಅದು ಶುರುವಾಗುವ ಮುಂಚೆ ರಾಸ್ಕೊನ ಕ್ಷೌರದಂಗಡಿಯಲ್ಲಿ ಎಲ್ಲರೂ ಒಂದೊಂದು ಹೆಸರು ಬರೆದು ಬಾಚಣಿಗೆಯ ಖಾಲಿ ಜಾಡಿಗೆ ಹಾಕಬೇಕು. ಯಾರ ಚೀಟಿ ನಿಜವಾಯಿತೋ, ಕಿಟಕಿ ಪಕ್ಕದ ಕೆಂಪು ಚರ್ಮದ ಕುರ್ಚಿ ವರ್ಷವಿಡೀ ಅವರದು. ಮೇಯರ್ ಬಂದರೂ ಏಳಬೇಕಾಗಿಲ್ಲ. ಎಲ್ಮೋರ್ ಹತ್ತೊಂಬತ್ತು ವರ್ಷದಿಂದ ಸ್ಟೂಲಿನ ಮೇಲೇ ಇದ್ದ.

ಊರಿನ ಕಾಲೇಜಿನ ಆಟಗಾರರ ಬಟ್ಟೆ ಒಗೆಯುವ ಕೋಣೆಯಲ್ಲಿ ಅವನದು ಮೂವತ್ತೆಂಟು ವರ್ಷದ ಕೆಲಸ. ಹುಡುಗರ ಮುಖ ಕಂಡದ್ದು ಕಡಿಮೆ, ಅಂಗಿಯ ನಂಬರು ಮಾತ್ರ ಒಂದೂ ಮರೆತಿಲ್ಲ. ಅವನ ಚೀಟಿಯಲ್ಲಿ ಹೆಸರಿರಲಿಲ್ಲ, ಬರೀ ಎಪ್ಪತ್ತೊಂದು ಎಂದಿತ್ತು.

ವೆಂಡಲ್ ಜಾಡಿಯೊಳಗೆ ಇಣುಕಿದ. "ಎಪ್ಪತ್ತೊಂದು? ಇದೇನು ದೊಡ್ಡಪ್ಪ, ನಿಮ್ಮ ವಯಸ್ಸು ಬರೆದಿದೀರಾ?"

"ಡೇರಿಯಸ್ ಪೂಲ್!" ರಾಸ್ಕೊ ಹಣೆ ಹಣೆ ಚಚ್ಚಿಕೊಂಡ. "ಎಸೆಯೋನ ಮುಂದೆ ಗೋಡೆ ಹಾಗೆ ನಿಲ್ತಾನಲ್ಲ, ಅವನು. ಆ ಗೋಡೆ ಕೊನೇ ಆಟದಲ್ಲಿ ಅಂಗಾತ ಬಿದ್ದಿದ್ದನ್ನ ದೇಶಾನೇ ನೋಡಿದೆ. ಮೂವತ್ತು ಸರದಿ ಕಳೆದ್ರೂ ಅವನನ್ನ ಯಾರೂ ಮುಟ್ಟಲ್ಲ ಅಂತ ಬೆಳಿಗ್ಗೆಯಿಂದ ಬಡ್ಕೋತಿದಾರೆ ಟೀವಿಯಲ್ಲಿ."

ಎಲ್ಮೋರ್ ಅವಸರ ಮಾಡಲಿಲ್ಲ. "ಬೆನ್ನ ಮೇಲೆ ಹುಲ್ಲಿನ ಕಲೆ ಇದ್ರೆ ಬಿದ್ದೋನು. ಎದೆ ಮೇಲಿದ್ರೆ ಬೀಳಿಸಿದೋನು. ಎಪ್ಪತ್ತೊಂದನೇ ಅಂಗಿ ನಾಲ್ಕು ವರ್ಷ ಒಗೆದಿದೀನಿ ಮಗಾ. ಬೆನ್ನಿಗೆ ಹಸಿರು ಹತ್ತಿದ್ದು ಅದೊಂದೇ ಸಲ."

"ನಮ್ಮ ಕ್ವಿನ್ಸಿದು?" ಎಂದ ರಾಸ್ಕೊ.

"ಅದನ್ನ ಒಗೆಯೋದೇ ಬೇಡ. ಇಸ್ತ್ರಿ ಮಾಡಿ ಕಳಿಸಿದ ಹಾಗೇ ವಾಪಸ್ ಬರ್ತಿತ್ತು."

ವೆಂಡಲ್ ಕುರ್ಚಿಯ ಕೈಗೆ ಬಡಿಬಡಿದು ನಕ್ಕ. ರಾಸ್ಕೊ ಅವನ ತಲೆಯನ್ನು ಒತ್ತಿ ಹಿಡಿದ. "ನಗಬೇಡ, ಕಿವಿ ಹೋಗತ್ತೆ. ಆ ಒಂದು ಸಲದ್ದು ಏನು ದೊಡ್ಡಪ್ಪ, ಅದನ್ನ ಹೇಳಿ ಮೊದಲು!"

"ಬೆನ್ನೆಲ್ಲ ಹಸಿರು, ನಿಜ. ಎದೆ ಮೇಲೆ ರಕ್ತ ಇತ್ತು, ಅವನದಲ್ಲ. ಎಸೆಯೋ ಹುಡುಗನ ಅಂಗಿಗೂ ಕೊರಳಿಂದ ಇಳಿದಿತ್ತು, ಮೂಗು ಒಡೆದಿತ್ತಲ್ಲ. ಇವನ ಪ್ಯಾಂಟು ನೋಡಿದೆ, ಮೊಣಕಾಲೂ ಹಸಿರು. ಕೆಡವಿದ್ರೆ ನೇರ ಬೆನ್ನ ಮೇಲೆ ಬೀಳ್ತಿದ್ದ. ಮೊಣಕಾಲೂರಿ, ಹೊರಳಿ, ಆ ಹುಡುಗನ ಅಡಿಗೆ ತಾನಾಗೇ ಹೋಗಿದಾನೆ. ಹಾಸಿಗೆ ಹಾಗೆ." ಕೊನೆಗೆ ಸೇರಿಸಿದ. "ತಣ್ಣೀರಲ್ಲಿ ಮೂರು ಸಲ ನೆನೆಹಾಕಿದೆ."

ಇನ್ನೊಂದು ವಿಷಯವನ್ನು ತನ್ನಲ್ಲೇ ಇಟ್ಟುಕೊಂಡ. ಮೂವತ್ತೆಂಟು ವರ್ಷದಲ್ಲಿ ಹುಡುಗರೆಲ್ಲ ಒಳಮೈ ಹೊರಗಾದ ಕಾಲುಚೀಲವನ್ನು ಉಂಡೆ ಮಾಡಿ ಬಿಸಾಕಿದವರೇ. ಎಪ್ಪತ್ತೊಂದರ ಬುಟ್ಟಿಯಲ್ಲಿ ಮಾತ್ರ ಅವು ನೆಟ್ಟಗೆ ತಿರುಗಿಸಿ ಇರುತ್ತಿದ್ದವು. ಆ ಹುಡುಗ ಊರಲ್ಲೇ ಉಳಿದು ಭಾನುವಾರ ಭಾನುವಾರ ಆಡುವುದನ್ನು ನೋಡಬೇಕು ಎಂಬುದು ಎಲ್ಮೋರ್‌ನ ಆಸೆ. ಕೆಂಪು ಕುರ್ಚಿ ಆಮೇಲಿನ ಮಾತು.

ಮೂರನೇ ಸರದಿಗೇ ಕೋಲ್ಟನ್ ಹೊರಟುಹೋದ. ವೆಂಡಲ್ ಬಾಯಿ ಬಡಿದುಕೊಂಡು, ಎರಡೇ ನಿಮಿಷದಲ್ಲಿ ಪಕ್ಷ ಬದಲಿಸಿದ. "ಎಪ್ಪತ್ತೊಂದು ಇನ್ನೂ ಇದಾನೆ ದೊಡ್ಡಪ್ಪ! ಉಸಿರು ಬಿಡಬೇಡಿ!" ಏಳು ಮುಗಿಯಿತು. ಕತ್ತರಿ ಕೆಳಗಿಟ್ಟ ರಾಸ್ಕೊ ಮೆಲ್ಲಗೆ ಎಂದ, "ಹೋದ ವರ್ಷ ನಮ್ಮ ಎಸೆಯೋನು ಐವತ್ತೊಂದು ಸಲ ಮಣ್ಣು ಮುಕ್ಕಿದ. ಅಡಿಗೆ ಹಾಸಿಗೆ ಆಗೋನು ಒಬ್ಬ ಇದ್ದಿದ್ರೆ... ಕ್ವಿನ್ಸಿ ಹಾಳಾಗಿಹೋಗ್ಲಿ. ಎಪ್ಪತ್ತೊಂದೇ ಬರ್ಲಿ!"

ಎಂಟನೆಯ ಸರದಿ ನದಿಯಾಚೆ ಊರಿನದು, ತಲೆತಲಾಂತರದ ವೈರಿಗಳು. ಮೂವರೂ ಎದ್ದು ನಿಂತಿದ್ದರು. ವೇದಿಕೆಯ ಮೇಲಿನವನು ಚೀಟಿ ಬಿಡಿಸಿ ಓದಿದ: ಡೇರಿಯಸ್ ಪೂಲ್.

"ಅವರಾ! ಒಂದೇ ಒಂದು ಸರದಿ ಮೊದಲು!" ರಾಸ್ಕೊ ಟವೆಲನ್ನು ಟೀವಿಗೆ ಎಸೆದ. "ಅವರಿಗೆ ಹೇಗೆ ಗೊತ್ತಾಯ್ತು?"

"ಅವರ ಹತ್ರಾನೂ ಒಬ್ಬ ಬಟ್ಟೆ ಒಗೆಯೋನು ಇರಬೇಕು ಕಣೋ!" ಎಂದು ವೆಂಡಲ್ ಅರ್ಧ ತಲೆ ಹಿಡಿದುಕೊಂಡು ಕುಸಿದ.

ಎಲ್ಮೋರ್ ಟವೆಲು ಸರಿಸಿ ಟೀವಿಯ ಹತ್ತಿರ ಹೋದ. ಹಾಲುಬಿಳುಪಿನ ಸೂಟು ತೊಟ್ಟ ಆ ದೈತ್ಯ ಬಗ್ಗಿದ್ದ. ಅವನ ಅರ್ಧ ಎತ್ತರದ ತಾಯಿ ಕೊರಳಿಗೆ ಜೋತುಬಿದ್ದು, ಅಳುತ್ತ ನಗುತ್ತ, ಕಾಲರಿನ ತುಂಬ ತುಟಿಯ ಕೆಂಪು ಮೆತ್ತಿಬಿಟ್ಟಿದ್ದಳು.

"ಅಯ್ಯೋ, ಬಿಳೀ ಸೂಟು!" ಎಂದ ರಾಸ್ಕೊ. "ಲಿಪ್‌ಸ್ಟಿಕ್ ಕಲೆ ಹೋಗತ್ತಾ ದೊಡ್ಡಪ್ಪ?"

"ಹೋಗತ್ತೆ," ಎಂದ ಎಲ್ಮೋರ್, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು. "ಅಲ್ಲಿ ಒಗೆಯೋನು ಯಾರೋ, ನನಗೆ ಗೊತ್ತಿಲ್ಲ. ಇದೊಂದು ಕಲೆಯನ್ನ ಅವನು ತೆಗೆಯದಿದ್ರೆ ಸಾಕು."