ಬೆಳ್ಳಿ ತುಂಬಿದ ಹಲ್ಲು

ನಡುರಾತ್ರಿ ಅಡುಗೆಮನೆಯ ಪಾದರಸದ ಗಂಟೆ ಸಣ್ಣಗೆ ಟಿಣ್ ಎಂದಿತು. ಮನೆಯಲ್ಲಿ ಯಾರ ಬಾಯಿಗೆ ಪಾದರಸ ಹೋದರೂ ಅದು ಬಡಿಯುತ್ತದೆ. ಬಸುರಿಯ ಬಾಯಿಗಾದರೆ, ಆಸ್ಪತ್ರೆಯವರು ಹೆರಿಗೆಯವರೆಗೆ ಅವಳನ್ನು ಬರೀ ಗಂಜಿ ಕೊಡುವ ಗಂಜಿಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಏಳು ತಿಂಗಳ ಬಸುರಿ, ನನ್ನ ಸೊಸೆ ಪ್ರತಿಮಾ, ಪಾದರಸ ಸೇರಿರುವ ಅಂಜಲ್ ಮೀನಿನ ಅರ್ಧ ಕಚ್ಚಿದ ತುಂಡು ಹಿಡಿದು ನಿಂತಿದ್ದಳು.

"ಬಯಕೆ ಅತ್ತೆ. ತಿನ್ನದಿದ್ರೆ ಮಗುವಿನ ಕಿವಿ ಸೋರ್ತದೆ, ನೀವೇ ಹೇಳಿದ್ದು."

"ಅದು ಮಾವಿನಕಾಯಿಗೆ ಹೇಳಿದ್ದು ಮಾರಾಯ್ತಿ!"

ಕೋಣೆಯಿಂದ ಮಗ ಕೂಗಿದ. "ಗಂಟೆ ಯಾರದ್ದಮ್ಮ? ಬೆಳಿಗ್ಗೆ ಆಸ್ಪತ್ರೆಗೆ ಹೇಳ್ಬೇಕಲ್ಲ."

"ನಂದೇ ಮಗ. ಬೆಳ್ಳಿ ತುಂಬಿದ ಹಲ್ಲು."

ಹಲ್ಲಿನ ಬೆಳ್ಳಿ ಸವೆದರೂ ಪಾದರಸ ಬರುತ್ತದೆಂದು ಅವನಿಗೆ ಗೊತ್ತು. ಮಗ್ಗುಲು ಬದಲಿಸಿ ಮಲಗಿದ.

ಉಳಿದ ತುಂಡನ್ನು ಬೆಕ್ಕಿಗೆ ಹಾಕಿದೆ. ಬೆಕ್ಕಿಗೆ ಗಂಟೆ ಬಡಿಯುವುದಿಲ್ಲ.

ಆ ಹಲ್ಲನ್ನು ಹೋದ ವರ್ಷವೇ ಕೀಳಿಸಿದ್ದೆ. ಅದನ್ನು ಯಾರಿಗೂ, ಪ್ರತಿಮಾಳಿಗೂ, ಹೇಳಬಾರದೆಂದು ನಿರ್ಧರಿಸಿದೆ.