ನಿಂತ ಕಾರಿನ ಫೋಟೋ

ಕೋದಂಡಪ್ಪ ಮತ್ತೆ ಅದೇ ಕಾರಿನ ಪಕ್ಕದಲ್ಲಿ ಬೋರಲಾಗಿ ಮಲಗಿದ್ದನ್ನು ಕಂಡು ಕಾವಲುಗಾರ ಕದಿರಪ್ಪನಿಗೆ ಅನುಮಾನ ಬಂತು. ಕೆ.ಜಿ.ಎಫ್.ನ ಆ ಕ್ಲಬ್ಬಿನ ಮೈದಾನದಲ್ಲಿ ಇಪ್ಪತ್ತೆರಡು ಕಾರುಗಳು ಮಿರಮಿರ ಮಿಂಚುತ್ತಿದ್ದವು. ಬಂಗಾರಪೇಟೆಯ ಈ ಫೋಟೋದವನ ಕಣ್ಣು ಮಾತ್ರ ಮೂರು ವರ್ಷದಿಂದ ಗಣಿಯ ಬಿಳಿ ದೊರೆಯೊಬ್ಬನ ಆಕಾಶನೀಲಿ ಕಾರಿನ ಮೇಲೆ. ಅದೂ ಇಡೀ ಕಾರಲ್ಲ, ಹಿಂದಿನ ಚಕ್ರ.

"ಏನಣ್ಣ, ಚಕ್ರ ಬಿಚ್ಕೊಂಡೋಗೋ ಅಂದಾಜಾ?"

"ಒತ್ಕೊಂಡು ಬಂಗಾರಪೇಟೆ ಗಂಟ ಯಾರು ನಡೀತಾರೆ? ಅತ್ಲಾಗೋಗಯ್ಯ, ನೆರಳು ಬೀಳ್ತದೆ."

ಕಾರಿನ ಫೋಟೋ ತೆಗೆಯುವುದರಲ್ಲಿ ಕೋದಂಡಪ್ಪನದು ಎತ್ತಿದ ಕೈ. ವರ್ಷಕ್ಕೊಮ್ಮೆ ನಡೆಯುವ ಈ ಕಾರು ಮೇಳದಲ್ಲಿ ಉಳಿದವರೆಲ್ಲ ಕಾರಿನೆದುರು ನೆಟ್ಟಗೆ ನಿಂತು ಒತ್ತಿದರೆ, ಇವನು ಒಮ್ಮೆ ಹುಣಸೆಮರ ಹತ್ತಿ ಸಾಲಿಗೆ ಸಾಲನ್ನೇ ಹಿಡಿದಿದ್ದ. ಇನ್ನೊಮ್ಮೆ ಕಾರಿನ ಗಾಜಿನಲ್ಲಿ ಮೈಸೂರು ಮೈನ್ಸಿನ ಗಣಿಬಾಯಿಯ ಮೇಲಿನ ಗಾಲಿಗೋಪುರ ತಲೆಕೆಳಗಾಗಿ ಕಾಣುವಂತೆ ತೆಗೆದಿದ್ದ. ಅವೆರಡೂ ಕ್ಲಬ್ಬಿನ ಗೋಡೆ ಏರಿದ್ದವು. ಮೇಳದ ಕಟ್ಟಳೆ ಒಂದೇ: ಚಿತ್ರದಲ್ಲಿ ಕಾರಿರಬೇಕು, ಜನ ಇರಕೂಡದು. ಅದಕ್ಕೇ ಡ್ರೈವರುಗಳು, ಆಯಾಗಳು, ನೋಡಲು ಬಂದವರು ಎಲ್ಲರೂ ಹಗ್ಗದಾಚೆ.

ಆದರೆ ನೀಲಿ ಕಾರು ಮಾತ್ರ ಅವನಿಗೆ ಒಲಿದಿರಲಿಲ್ಲ. ಎರಡು ವರ್ಷವೂ ಅದನ್ನು ಹಿಡಿದ ಗಾಜಿನ ಪ್ಲೇಟು ಹಾಳಾಗಿತ್ತು.

ಕ್ಲಬ್ಬಿನ ಗುಮಾಸ್ತ ಶ್ರೀನಿವಾಸಪ್ಪ ಕೊಡೆ ಹಿಡಿದು ಬಂದು ನಿಂತ. "ಹೋದ ವರ್ಷ ಏನ್ರೀ ಕೆಟ್ಟಿತು?"

"ಅಲುಗಿತ್ತು ಸ್ವಾಮಿ."

"ನಿಂತ ಕಾರು ಅಲುಗುತ್ತೇನ್ರೀ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕೋದಂಡಪ್ಪ ಚಕ್ರದ ಕಡೆ ತಿರುಗಿಕೊಂಡ. ಶ್ರೀನಿವಾಸಪ್ಪನಿಗೆ ಅಯ್ಯೋ ಅನ್ನಿಸಿರಬೇಕು, ದನಿ ಇಳಿಸಿದ. "ಇದಕ್ಕೆ ಇದೇ ಕೊನೇ ಮೇಳ ಕಣ್ರೀ. ಗಣಿ ಸರ್ಕಾರದ ಕೈಗೆ ಬಂತಲ್ಲ, ದೊರೆ ಬರೋ ವಾರ ವಿಲಾಯಿತಿಗೆ ಹಡಗು ಹತ್ತುತಾನೆ. ಹೆಂಡತಿ, ಮಗು, ಬಟ್ಲರು, ಆಯಾ, ಇಡೀ ಬಂಗಲೆಯೇ ಹೊರಟಿದೆ. ಕಾರು ಮಾತ್ರ ನಿಮ್ಮ ಬಂಗಾರಪೇಟೆ ಅಕ್ಕಿ ಗಿರಣಿಯವರು ಕೊಂಡಿದಾರೆ. ನಿಮ್ಮ ಅಂಗಡಿ ಮುಂದೇನೇ ನಿಂತಿರುತ್ತೆ. ಬೇಕಾದಾಗ ತೆಗೀಬಹುದು."

ಒಳ್ಳೆಯ ಸುದ್ದಿ ಹೇಳಿದೆನೆಂದು ಅವನು ನಕ್ಕ. ಕೋದಂಡಪ್ಪನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ಬರೋ ವಾರಾನಾ?" ಎಂದಷ್ಟೇ ಕೇಳಿದ.

ಹಾಗಾದರೆ ಇವತ್ತೇ. ಇನ್ನು ಉಳಿದಿರುವುದು ಒಂದೇ ಪ್ಲೇಟು. ಇದೊಂದು ಸ್ಪಷ್ಟವಾಗಿ ಬರದಿದ್ದರೆ ಮುಂದೆ ಈ ಜನ್ಮದಲ್ಲಿ ಬರುವುದಿಲ್ಲ. ಈ ಒಂದು ಚಿತ್ರಕ್ಕಾಗಿ ಅವನು ಎರಡು ವರ್ಷ ಕಾದಿದ್ದ. ಕಾಯುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವೂ ಇರಲಿಲ್ಲವೆನ್ನಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸ್ಟುಡಿಯೋದ ಗೋಡೆ ತುಂಬ ಊರವರ ಮದುವೆ, ಊರವರ ಮಕ್ಕಳು. ಹಿಂದಿನ ಕೋಣೆಯಲ್ಲಿ ಇವನು, ಒಂದು ತಟ್ಟೆ, ಒಂದು ಚಾಪೆ. ಒಬ್ಬನಿಗೆಂದು ಮುದ್ದೆ ತೊಳಸುವುದು ಎಂಥ ಬೇಸರದ ಕೆಲಸವೆಂದು ತೊಳಸಿದವರಿಗೇ ಗೊತ್ತು. ಎಷ್ಟೋ ದಿನ ಹಾಗೇ ನೀರು ಕುಡಿದು ಮಲಗುತ್ತಿದ್ದ.

ಅವನು ಹೆಗಲ ಟವಲಿನಿಂದ ಚಕ್ರದ ಬೆಳ್ಳಿ ಬಣ್ಣದ ಮುಚ್ಚಳವನ್ನು ಒರೆಸಿದ. ಬಾಯಾವಿ ಊದಿ ಮತ್ತೆ ಒರೆಸಿದ. ಇಟ್ಟಿಗೆಯ ಮೇಲೆ ಕ್ಯಾಮೆರಾ ಇಟ್ಟು, ಎಂದಿನಂತೆ ಹಗ್ಗಕ್ಕೆ ಬೆನ್ನು ಮಾಡಿ, ತಲೆಯ ಮೇಲೆ ಕರಿಬಟ್ಟೆ ಎಳೆದುಕೊಂಡು ಮಲಗಿದ. ಬೆಳಗಿನಿಂದ ಒಂದು ಸಲವೂ ಅವನು ಹಿಂದಿರುಗಿ ನೋಡಿರಲಿಲ್ಲ. ಆ ಕಡೆ ಹೋಗಬೇಕಾದರೂ ಕಾರು ಬಳಸಿಕೊಂಡು, ನೆಲ ನೋಡುತ್ತ ಹೋಗುತ್ತಿದ್ದ.

ಎಲ್ಲ ನಿಚ್ಚಳವಾಗಿ ಬರಬೇಕಾದರೆ ಕ್ಯಾಮೆರಾದ ಕಣ್ಣನ್ನು ಕಿರಿದು ಮಾಡಬೇಕು. ಕಿರಿದು ಮಾಡಿದರೆ ಮೂರು ಎಣಿಸುವ ತನಕ ತೆರೆದಿಡಬೇಕು. ಆ ಮೂರರಲ್ಲೇ ಎರಡು ವರ್ಷವೂ ಕೆಟ್ಟದ್ದು. ಕೋದಂಡಪ್ಪ ಬಟ್ಟೆಯೊಳಗಿಂದಲೇ ಗಂಟಲು ಸರಿಮಾಡಿಕೊಂಡ. ಈ ಸಲ ಸುಮ್ಮನಿರಲಾರದೆ, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದ.

"ಅಲುಗಬ್ಯಾಡ. ಉಸಿರು ಬಿಗಿ ಇಡಿ."

ಕದಿರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರಿಗಣ್ಣ ಏಳ್ತಿದೀಯ, ಕಾರ್ಗಾ?"

"ಊ ಕಣಯ್ಯ, ಕಾರ್ಗೇ." ದನಿ ಒಡೆದಿತ್ತು. "ಒಂದು. ಎರಡು. ಮೂರು."

ಮಾರನೆಯ ಬೆಳಿಗ್ಗೆ ಕಿಟಕಿಗೆ ಕಂಬಳಿ ಹೊಡೆದು, ಕೆಂಪು ದೀಪದಲ್ಲಿ ಅವನು ಚಿತ್ರವನ್ನು ಹಿಗ್ಗಿಸಲು ಕುಳಿತ. ಬಾಗಿಲು ಬೇಡ, ಬಾನೆಟ್ಟು ಬೇಡ, ಆಕಾಶನೀಲಿಯೂ ಬೇಡ. ಒಂದೊಂದಾಗಿ ಚೌಕಟ್ಟಿನಿಂದ ಆಚೆ ತಳ್ಳಿದ. ಕಡೆಗೆ ಚಕ್ರದ ಮುಚ್ಚಳವೊಂದೇ ಉಳಿಯಿತು. ಕಾಗದವನ್ನು ಮದ್ದಿನ ನೀರಿನಲ್ಲಿ ಆಡಿಸುತ್ತಿದ್ದಂತೆ ಮೊದಲು ಕರಿಬಟ್ಟೆ ಹೊದ್ದ ಅವನದೇ ಗುಡ್ಡೆ ಮೂಡಿತು. ಅದರ ಹಿಂದೆ ಹಗ್ಗ. ಹಗ್ಗದಾಚೆ ಆಯಾ ಒಬ್ಬಳ ಕಂಕುಳಲ್ಲಿ ದೊರೆಯ ಮಗು. ಮಗು ಅಲುಗಿ ಮಸುಕಾಗಿತ್ತು, ಅವಳು ಚೂರೂ ಅಲುಗಿರಲಿಲ್ಲ. ಕೋದಂಡಪ್ಪ ಬಿಕ್ಕಿ ಬಿಕ್ಕಿ ಅತ್ತ.

ದೊರೆಯ ಬಟ್ಲರನನ್ನು ಚರ್ಚಿನಲ್ಲಿ ಮದುವೆಯಾದಳೆಂಬ ಸಿಟ್ಟಿಗೆ, "ಸತ್ತ ನಿನ್ನವ್ವನಾಣೆ, ಇನ್ನು ನಿನ್ನ ಮುಖ ನೋಡಾಕಿಲ್ಲ" ಎಂದು ಕುಲದವರೆದುರು ಕರ್ಪೂರ ಆರಿಸಿ ಅವನು ಹೊರಗಟ್ಟಿದ್ದ ಒಬ್ಬಳೇ ಮಗಳು ಆದಿಲಕ್ಷ್ಮಿ, ಅಪ್ಪ ಹೇಳಿದಂತೆ ಉಸಿರು ಬಿಗಿಹಿಡಿದು ನಿಂತಿದ್ದಳು.